ತುರಿಕೆಗೆ ಕಿಲ್ಟ್ ಔಷಧವಲ್ಲ, ಹಾಕಿಕೊಳ್ಳಲು ಅಡ್ಡಿಯೂ ಇಲ್ಲ

ಪ್ರಶ್ನೆ: ನನಗೆ 29 ವರ್ಷ. ಮುಧೋಳ ಕಡೆಯ ಸಕ್ಕರೆ ಕಾರ್ಖಾನೆಯೊಂದರಲ್ಲಿ ಲೆಕ್ಕಪತ್ರದ ಕೆಲಸ. ದಿನವಿಡೀ ರೆಕ್ಸಿನ್ ಕುರ್ಚಿ, ಹೋಗಿಬರಲು ಬೈಕು, ಮೈಗೆ ಜೀನ್ಸ್. ಎರಡು ವರ್ಷದಿಂದ ತೊಡೆಸಂದಿನಲ್ಲಿ ಗಜಕರ್ಣ ಕಾಡುತ್ತಿದೆ. ಮೆಡಿಕಲ್ ಅಂಗಡಿಯಲ್ಲಿ ಕೊಟ್ಟ ಟ್ಯೂಬ್ ಹಚ್ಚಿದರೆ ಎರಡು ದಿನದಲ್ಲಿ ತಣ್ಣಗಾಗುತ್ತದೆ, ಬಿಟ್ಟರೆ ಮೊದಲಿಗಿಂತ ದೊಡ್ಡದಾಗಿ ಹರಡುತ್ತದೆ. ಮನೆಯಲ್ಲಿ ಲುಂಗಿ ಉಟ್ಟಾಗ ಮಾತ್ರ ಆರಾಮ. ಬೆಳಗಾವಿಯಲ್ಲಿ ಸೇನೆಯ ಬ್ಯಾಂಡಿನ ಬ್ಯಾಗ್‌ಪೈಪ್ ಕೇಳಿದ ಮೇಲೆ ಮೊಬೈಲಿನಲ್ಲಿ ಹುಡುಕುತ್ತ ಹೋಗಿ, ಸ್ಕಾಟ್ಲೆಂಡಿನ ಗಂಡಸರು ಸೊಂಟಕ್ಕೆ ಕಟ್ಟುವ ನೆರಿಗೆಯ ಗಿಡ್ಡ ಉಡುಪು, ಕಿಲ್ಟ್ ನೋಡಿದೆ. ಆಸೆಯಾಗಿ ಆನ್‌ಲೈನಿನಲ್ಲಿ ಒಂದು ತರಿಸಿದೆ. ಹಾಕಿಕೊಂಡು ಓಣಿಯ ತುದಿಯವರೆಗೆ ಹೋದರೆ ಗೆಳೆಯರು, ‘ಏನಲೇ, ತಂಗಿ ಪರಕಾರ (ಲಂಗ) ಹಾಕ್ಕೊಂಡು ಹೊಂಟಿ?’ ಎಂದರು. ಅಪ್ಪ, ‘ಜೋಗಪ್ಪ ಆಗಾಂವೇನು?’ ಎಂದು ಸಿಟ್ಟಾದರು. ಗಂಡಸು ಬಿಗಿಯಾಗಿ ಲಂಗೋಟಿ ಕಟ್ಟದಿದ್ದರೆ ಅಂಡವಾಯು ಬರುತ್ತದೆ ಅನ್ನುವುದು ಅಜ್ಜನ ಮಾತು. ಕಿಲ್ಟ್ ಹಾಕಿದರೆ ವೀರ್ಯ ಹೆಚ್ಚುತ್ತದೆ ಅನ್ನುವುದು ಗೆಳೆಯನೊಬ್ಬನ ಮಾತು. ನನ್ನ ಮದುವೆ ಗೊತ್ತಾಗಿದೆ. ಇವುಗಳಲ್ಲಿ ಯಾವುದು ನಿಜ? ಪೊಲೀಸರು ಹಿಡಿಯಬಹುದೇ? ‘ಆರೋಗ್ಯದ ಕಾರಣಕ್ಕೆ ಕಿಲ್ಟ್’ ಎಂದು ವೈದ್ಯರ ಚೀಟಿ ಸಿಕ್ಕರೆ ಅಪ್ಪನಿಗೂ ಕಚೇರಿಗೂ ತೋರಿಸಬಹುದೇ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ವಿಷಯಗಳು ಒಂದೇ ಗಂಟಿನಲ್ಲಿವೆ. ತೊಡೆಸಂದಿನ ತುರಿಕೆ ಒಂದು. ಪ್ಯಾಂಟು ಬಿಟ್ಟು ಬೇರೇನಾದರೂ ಉಟ್ಟು ಬಜಾರಿಗೆ ಹೋಗಬೇಕೆಂಬ ಆಸೆ ಇನ್ನೊಂದು. ಮೊದಲನೆಯದನ್ನು ಮುಂದೆ ಮಾಡಿ ಎರಡನೆಯದಕ್ಕೆ ಪರವಾನಗಿ ಕೇಳುತ್ತಿದ್ದೀರಿ. ಎರಡನ್ನೂ ಬೇರೆ ಬೇರೆ ನೋಡಿದರೆ ಎರಡಕ್ಕೂ ದಾರಿ ಇದೆ.

ಮೊದಲು ಆ ಟ್ಯೂಬಿನ ಮಾತು. ಎರಡು ದಿನದಲ್ಲಿ ತಣ್ಣಗಾಗಿ, ಬಿಟ್ಟ ಕೂಡಲೇ ಹರಡುವ ಗಜಕರ್ಣದ ಹಿಂದೆ ಹೆಚ್ಚಿನ ಸಲ ಸ್ಟಿರಾಯ್ಡ್ ಬೆರೆತ ಮುಲಾಮು ಇರುತ್ತದೆ. ಟ್ಯೂಬಿನ ಮೇಲಿನ ಸಣ್ಣ ಅಕ್ಷರ ಓದಿ: ಕ್ಲೋಬೆಟಾಸಾಲ್, ಬೀಟಾಮೆಥಾಸೋನ್, ಮೊಮೆಟಾಸೋನ್ ಇವುಗಳಲ್ಲಿ ಒಂದರ ಹೆಸರಿದ್ದರೆ ಇವತ್ತೇ ನಿಲ್ಲಿಸುವುದು ಒಳ್ಳೆಯದು. ನಿಲ್ಲಿಸಿದ ಮೇಲೆ ಕೆಲವು ದಿನ ತುರಿಕೆ ಜೋರಾಗುತ್ತದೆ, ಹೆದರಬೇಡಿ. ಸ್ಟಿರಾಯ್ಡ್ ಕೆಂಪನ್ನೂ ತುರಿಕೆಯನ್ನೂ ಅಡಗಿಸುತ್ತದೆ, ಹಾಗೆಯೇ ಗಜಕರ್ಣ ತರುವ ಶಿಲೀಂಧ್ರದ (ಫಂಗಸ್) ವಿರುದ್ಧ ಹೋರಾಡುವ ಚರ್ಮದ ಶಕ್ತಿಯನ್ನೂ ಅಡಗಿಸುತ್ತದೆ. ಮೇಲೆ ಆರಿದಂತೆ ಕಂಡರೂ ಅಂಚಿನಲ್ಲಿ ರೋಗ ಹಬ್ಬುತ್ತಲೇ ಇರುತ್ತದೆ. ತಿಂಗಳುಗಟ್ಟಲೆ ಹಚ್ಚಿದವರ ತೊಡೆಸಂದಿನಲ್ಲಿ ಚರ್ಮ ತೆಳುವಾಗಿ ಸೀಳುಗೆರೆ ಬೀಳುತ್ತದೆ, ಆ ಗೆರೆ ಪೂರ್ತಿ ಮಾಯವಾಗುವುದಿಲ್ಲ. ಇಂಥ ಹಲವು ಮುಲಾಮುಗಳನ್ನು 2018ರಲ್ಲಿ ಕೇಂದ್ರ ಸರ್ಕಾರ ವೈದ್ಯರ ಚೀಟಿ ಇಲ್ಲದೆ ಮಾರಬಾರದ ಶೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಿತು. ಆದರೂ ವಿಜಯಪುರದ ನನ್ನ ಕ್ಲಿನಿಕ್ಕಿಗೆ ಬೇಸಿಗೆಯಲ್ಲಿ ಬರುವವರು ಜೇಬಿನಿಂದ ಮೊದಲು ತೆಗೆಯುವುದು ಆ ಟ್ಯೂಬನ್ನೇ. ಕೇಳಿದವರಿಗೆ ಕೊಟ್ಟುಬಿಡುವ ರೂಢಿ ಇನ್ನೂ ಹೋಗಿಲ್ಲ.

ಇನ್ನೊಂದು ತೊಡಕೂ ಇದೆ. ಈಚಿನ ವರ್ಷಗಳಲ್ಲಿ ಭಾರತದಲ್ಲಿ ಹಬ್ಬಿರುವ ಶಿಲೀಂಧ್ರದ ಒಂದು ಬಗೆಗೆ 2020ರಲ್ಲಿ ಟ್ರೈಕೋಫೈಟಾನ್ ಇಂಡೋಟಿನಿಯೆ ಎಂದು ಹೆಸರಿಟ್ಟಿದ್ದಾರೆ. ಹಿಂದೆ ಸುಲಭವಾಗಿ ಕೆಲಸ ಮಾಡುತ್ತಿದ್ದ ಟರ್ಬಿನಾಫೀನ್ ಮಾತ್ರೆಗೆ ಅದು ಹಲವರಲ್ಲಿ ಬಗ್ಗುವುದಿಲ್ಲ. ಆದ್ದರಿಂದ ಗೆಳೆಯನಿಗೆ ಬರೆದುಕೊಟ್ಟ ಮಾತ್ರೆಯನ್ನು ನೀವು ನುಂಗಬೇಡಿ. ಚರ್ಮದ ಹೊಟ್ಟು ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿ ಖಚಿತ ಮಾಡಿಕೊಂಡ ಮೇಲೆ ವಾರಗಟ್ಟಲೆ ಔಷಧ ಬೇಕಾಗುತ್ತದೆ, ಕಲೆ ಮಾಯವಾದ ಮೇಲೂ ಸ್ವಲ್ಪ ದಿನ ಮುಂದುವರಿಸಬೇಕಾಗುತ್ತದೆ. ರಕ್ತದ ಸಕ್ಕರೆಯನ್ನೂ ಒಮ್ಮೆ ನೋಡಿಸಿ. ಪದೇ ಪದೇ ಬರುವ ಗಜಕರ್ಣದಿಂದಲೇ ಸಕ್ಕರೆ ಕಾಯಿಲೆ ಗೊತ್ತಾದವರು ಇದ್ದಾರೆ. ಮನೆಯಲ್ಲಿ ಒಂದೇ ಟವೆಲ್ಲು ನಾಲ್ಕು ಜನಕ್ಕೆ ಆಗುತ್ತಿದ್ದರೆ, ಉಳಿದವರಿಗೂ ಚಿಕಿತ್ಸೆ ಆಗದೆ ನಿಮ್ಮದು ಹೋಗುವುದಿಲ್ಲ.

ಈಗ ಬಟ್ಟೆ. ಶಿಲೀಂಧ್ರಕ್ಕೆ ಬೇಕಾದದ್ದು ಬಿಸಿ ಮತ್ತು ಒದ್ದೆ. ಬಾಗಲಕೋಟೆ, ವಿಜಯಪುರದ ಬೇಸಿಗೆ 40 ಡಿಗ್ರಿ ದಾಟುತ್ತದೆ. ಆ ಬಿಸಿಲಲ್ಲಿ ಜೀನ್ಸ್ ಒಮ್ಮೆ ಬೆವರು ಕುಡಿದರೆ ಬೇಗ ಒಣಗುವುದಿಲ್ಲ, ಕೆಳಗೆ ರೆಕ್ಸಿನ್ ಇದ್ದರಂತೂ ಗಾಳಿಗೆ ದಾರಿಯೇ ಇಲ್ಲ. ಲುಂಗಿಯಲ್ಲಿ ಆರಾಮ ಅನ್ನಿಸುವುದು ಇದಕ್ಕೇ, ನಿಮ್ಮ ಅನುಭವ ಸರಿ. ಆದರೆ ಸಡಿಲ ಬಟ್ಟೆ ರೋಗಕ್ಕೆ ಅನುಕೂಲ ಕಡಿಮೆ ಮಾಡುತ್ತದೆ ಅಷ್ಟೇ, ಬೇರೂರಿದ ಶಿಲೀಂಧ್ರವನ್ನು ಕೊಲ್ಲುವುದಿಲ್ಲ. ಟ್ಯೂಬ್ ಹಚ್ಚುತ್ತಲೇ ಕಿಲ್ಟ್ ಹಾಕಿಕೊಂಡರೆ ಗಜಕರ್ಣ ಹಾಗೇ ಉಳಿಯುತ್ತದೆ, ಓಣಿಯ ನಗೆ ಬೇರೆ.

ಅದರಲ್ಲೂ ಅಸಲಿ ಕಿಲ್ಟ್ ನಮ್ಮ ಬಿಸಿಲಿನ ಬಟ್ಟೆಯೇ ಅಲ್ಲ. ಅದು ಮಳೆ, ಮಂಜು, ಚಳಿಯ ಬೆಟ್ಟಸೀಮೆಯಲ್ಲಿ ಹುಟ್ಟಿದ್ದು. ಪೂರ್ಣ ಪ್ರಮಾಣದ ಕಿಲ್ಟ್‌ಗೆ ಸುಮಾರು 8 ಗಜ, ಅಂದರೆ ಏಳು ಮೀಟರು ದಾಟುವ ಉಣ್ಣೆ ಬಟ್ಟೆ ಬೇಕು. ಅದರಲ್ಲಿ ಬಹುಪಾಲು ಹಿಂಭಾಗದ ನೆರಿಗೆಗೆ ಹೋಗುತ್ತದೆ. ಪಟ್ಟಿ ಬಿಗಿದು ಹೊಕ್ಕುಳ ಮಟ್ಟದಲ್ಲಿ ಕಟ್ಟುವ ಉಡುಪು ಅದು. ಕೆಳಗೆ ಗಾಳಿ ಆಡುವುದು ನಿಜ, ಸೊಂಟದಲ್ಲಿ ಮತ್ತು ಕುಳಿತಾಗ ಪೃಷ್ಠದ ಕೆಳಗೆ ಮಾತ್ರ ಕಂಬಳಿ. ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುವವು ಹೆಚ್ಚಾಗಿ ಅಕ್ರಿಲಿಕ್ ಅಥವಾ ಪಾಲಿಯೆಸ್ಟರ್. ಅವು ಉಣ್ಣೆಗಿಂತ ಹಗುರ, ಬೆವರಿಗೆ ಇನ್ನೂ ಕೆಟ್ಟವು. ನೀವು ತರಿಸಿದ್ದರ ಒಳಗಿನ ಚೀಟಿ ನೋಡಿ.

ಒಳಉಡುಪಿನ ವಿಷಯವನ್ನು ನೀವು ಸಂಕೋಚದಿಂದ ಬಿಟ್ಟಿರಬಹುದು, ನಾನೇ ಹೇಳುತ್ತೇನೆ. ಕಿಲ್ಟಿನ ಒಳಗೆ ಏನೂ ಹಾಕಬಾರದೆಂಬ ತಮಾಷೆ ಜಗತ್ತಿನ ತುಂಬ ಓಡಾಡುತ್ತಿದೆ. ನಿಮ್ಮಂಥವರು ಅದನ್ನು ನಂಬಬೇಡಿ. ತೊಡೆ ಸ್ವಲ್ಪ ದಪ್ಪವಿದ್ದವರಿಗೆ ಚರ್ಮಕ್ಕೆ ಚರ್ಮ ಉಜ್ಜಿ, ಬೆವರಿನ ಉಪ್ಪು ಸೇರಿ, ಸಂದು ಕಿತ್ತುಹೋಗುತ್ತದೆ. ಕಿತ್ತ ಜಾಗಕ್ಕೆ ಶಿಲೀಂಧ್ರ ಇನ್ನೂ ಸುಲಭವಾಗಿ ಇಳಿಯುತ್ತದೆ. ಇದಕ್ಕೆ ನಮ್ಮ ಹಿರಿಯರ ಪಟ್ಟಾಪಟ್ಟಿ ಚಡ್ಡಿಗಿಂತ ಒಳ್ಳೆಯದು ಸಿಗಲಿಕ್ಕಿಲ್ಲ: ಹತ್ತಿ, ಸಡಿಲ, ತೊಡೆಯ ಅರ್ಧದವರೆಗೆ, ಇಲಾಸ್ಟಿಕ್ ಬದಲು ಲಾಡಿ. ದಿನಕ್ಕೆ ಎರಡು ಸಲ ಬದಲಿಸಿ, ಒಗೆದು, ಒಳಮೈ ಮೇಲಾಗಿಸಿ ಬಿಸಿಲಿಗೆ ಹಾಕಿ. ಬಿಸಿಲಿಗೇನು ನಮ್ಮಲ್ಲಿ ಬರವಿಲ್ಲ.

ಅಜ್ಜನ ಮಾತಿಗೆ ಬರೋಣ. ಲಂಗೋಟಿ ಗರಡಿಮನೆಯ ಶಿಸ್ತು. ಕುಸ್ತಿಯಲ್ಲಿ ಪೆಟ್ಟು ಬೀಳದಂತೆ ಅದು ಕಾಯುತ್ತದೆ. ಅದಕ್ಕಿಂತ ಹೆಚ್ಚಿನ ಗುಣ ಅದಕ್ಕಿಲ್ಲ. ಅಜ್ಜ ಅಂಡವಾಯು ಅನ್ನುವುದು ಹರ್ನಿಯಾವನ್ನೋ ಅಂಡದಲ್ಲಿ ನೀರು ತುಂಬುವುದನ್ನೋ ಇರಬೇಕು. ಹರ್ನಿಯಾ ಬರುವುದು ಹೊಟ್ಟೆಯ ಗೋಡೆಯಲ್ಲಿ ಸಡಿಲ ಜಾಗವಿದ್ದು ಕರುಳು ಅಲ್ಲಿಂದ ಇಳಿದಾಗ. ಭಾರ ಎತ್ತುವುದು, ಹಳೇ ಕೆಮ್ಮು, ಮಲಬದ್ಧತೆಯ ತಿಣುಕುವಿಕೆ ಅದನ್ನು ಹೆಚ್ಚಿಸುತ್ತವೆ. ವೃಷಣದ ಸುತ್ತ ನೀರು ತುಂಬುವುದು ಬೇರೆ ಕಾಯಿಲೆ. ಪೆಟ್ಟು, ಸೋಂಕು ಅದಕ್ಕೆ ಕಾರಣವಾಗಬಹುದು. ನಮ್ಮ ವಿಜಯಪುರ, ಬಾಗಲಕೋಟೆ ಆನೆಕಾಲು ರೋಗದ ಪಟ್ಟಿಯಲ್ಲಿರುವ ಜಿಲ್ಲೆಗಳು. ಸೊಳ್ಳೆಯಿಂದ ಹರಡುವ ಆ ರೋಗದ ಹುಳುವೂ ಗಂಡಸರ ಅಂಡ ಉಬ್ಬಿಸುತ್ತದೆ. ಅಜ್ಜನ ಕಾಲದಲ್ಲಿ ಊರಿಗೆ ಒಬ್ಬಿಬ್ಬರು ಹೀಗೆ ನರಳುತ್ತಿದ್ದುದನ್ನು ಅವರು ಕಂಡಿರಬಹುದು, ಕಾರಣ ಲಂಗೋಟಿಯ ತಲೆಗೆ ಬಂತು. ಲಂಗೋಟಿ ಬಿಗಿದವರಿಗೂ ಸೊಳ್ಳೆ ಕಚ್ಚುತ್ತದೆ. ಒಂದು ಕಡೆ ಉಬ್ಬು, ಭಾರ ಅಥವಾ ನೋವು ಕಂಡರೆ ಯಾವ ಬಟ್ಟೆ ಉಟ್ಟಿದ್ದರೂ ಸರ್ಜನ್ ಹತ್ತಿರ ಹೋಗಿ.

ಗೆಳೆಯನ ಮಾತಿನಲ್ಲಿ ಕಾಲುಪಾಲು ನಿಜ ಇದೆ. ವೃಷಣ ದೇಹದ ಹೊರಗೆ ಇಳಿಬಿದ್ದಿರುವುದೇ ದೇಹಕ್ಕಿಂತ ಎರಡರಿಂದ ನಾಲ್ಕು ಡಿಗ್ರಿ ತಂಪಾಗಿರಲು. ಬಾಸ್ಟನ್ನಿನ ಫಲವಂತಿಕೆ ಚಿಕಿತ್ಸಾ ಕೇಂದ್ರಕ್ಕೆ ಬಂದ 656 ಗಂಡಸರ ಮೇಲಿನ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. ಸಡಿಲ ಚಡ್ಡಿ ಹಾಕುವವರಲ್ಲಿ ವೀರ್ಯಾಣುಗಳ ಸಾಂದ್ರತೆ ಬಿಗಿ ಚಡ್ಡಿಯವರಿಗಿಂತ ಶೇ. 25ರಷ್ಟು ಹೆಚ್ಚು ಕಂಡಿತು. ಇದನ್ನೇ ಹಿಡಿದುಕೊಂಡು ಕಿಲ್ಟ್ ಮಾರುವವರು ಜಾಹೀರಾತು ಬರೆಯುತ್ತಾರೆ. ಅದೇ ಅಧ್ಯಯನದಲ್ಲಿ ಬಿಗಿ ಚಡ್ಡಿಯವರ ಸರಾಸರಿಯೂ ಸಾಮಾನ್ಯ ಮಟ್ಟದಲ್ಲೇ ಇತ್ತು ಅನ್ನುವುದನ್ನು ಬರೆಯುವುದಿಲ್ಲ. ಆ ಅಧ್ಯಯನ ಅಳೆದದ್ದು ಚಡ್ಡಿಯನ್ನು, ಕಿಲ್ಟನ್ನಲ್ಲ. ಮದುವೆಗೆ ಮುಂಚೆ ಸಡಿಲ ಚಡ್ಡಿಗೆ ಬದಲಾಗುವುದರಿಂದ ನಷ್ಟವಿಲ್ಲ. ಬಿಗಿ ಜೀನ್ಸ್ ಹಾಕಿದ್ದಕ್ಕೆ ಮಕ್ಕಳಾಗದೆ ಹೋದೀತೆಂದು ಹೆದರುವುದೂ ಬೇಡ.

ಇಷ್ಟು ದೇಹದ ಮಾತು. ಉಳಿದದ್ದು ನೋಡುವವರ ಕಣ್ಣಿನದು, ನಿಮಗೆ ನಿಜವಾಗಿ ಚುಚ್ಚುತ್ತಿರುವುದೂ ಅದೇ ಇರಬೇಕು.

ಮಂಗಳೂರಿನಲ್ಲೋ ಮಂಡ್ಯದಲ್ಲೋ ಗಂಡಸು ಪಂಚೆಯನ್ನು ಹಾಗೇ ಸುತ್ತಿ ಪೇಟೆಗೆ ಹೋದರೆ ಯಾರೂ ತಿರುಗಿ ನೋಡುವುದಿಲ್ಲ. ನಮ್ಮ ಕಡೆ ಹಾಗಲ್ಲ. ಇಲ್ಲಿ ಗಂಡಸಿನ ಮರ್ಯಾದೆಯ ಉಡುಪು ಕಚ್ಚೆ ಹಾಕಿದ ಧೋತರ. ಎರಡು ಕಾಲಿನ ನಡುವೆ ಬಟ್ಟೆ ಹಾಯ್ದು ಹಿಂದೆ ಸಿಕ್ಕಿಸಿರಬೇಕು. ಲುಂಗಿ ಮನೆಗೆ, ಕಟ್ಟೆಗೆ, ಹೆಚ್ಚೆಂದರೆ ಓಣಿಯ ಕಿರಾಣಿ ಅಂಗಡಿಗೆ. ಸುತ್ತಿಕೊಂಡ ಬಟ್ಟೆ ಓಣಿಯ ಗಡಿ ದಾಟಿದರೆ ಇಲ್ಲಿಯ ಕಣ್ಣಿಗೆ ಅರ್ಧ ಉಟ್ಟಂತೆ ಕಾಣುತ್ತದೆ. ಕಿಲ್ಟ್ ಅದಕ್ಕಿಂತ ಗಿಡ್ಡ, ಮೇಲೆ ಚೌಕುಳಿ, ಹಿಂದೆ ನೆರಿಗೆ. ಸಹಜವಾಗಿ ಪರಕಾರ ನೆನಪಾಗುತ್ತದೆ. ಇದೇ ಸೀಮೆಯಲ್ಲಿ ಇಳಕಲ್ ಸೀರೆಗೆ ಗಂಡಸರ ಹಾಗೆ ಕಚ್ಚೆ ಹಾಕಿ ಹೊಲದಲ್ಲಿ ದುಡಿದ ಅಜ್ಜಿಯರು ಎಷ್ಟು ಜನ! ಅವರನ್ನು ಗಂಡಸಾದಳು ಎಂದು ಯಾರೂ ನಗಲಿಲ್ಲ, ಯಾಕೆಂದರೆ ಕೆಲಸಕ್ಕೆ ಅದು ಅನುಕೂಲವೆಂದು ಎಲ್ಲರಿಗೂ ಗೊತ್ತಿತ್ತು.

ಹಳೆಯದನ್ನು ನೋಡಬೇಕೆಂದರೆ ದೂರ ಹೋಗಬೇಕಿಲ್ಲ. ಕ್ರಿ.ಶ. 578ರ ಶಾಸನವಿರುವ ಬಾದಾಮಿಯ ಮೂರನೆಯ ಗುಹೆಯಲ್ಲಿ ಗಂಡು ಮೂರ್ತಿಗಳ ಸೊಂಟಕ್ಕೆ ಇರುವುದು ಹೊಲಿಯದ ಬಟ್ಟೆ. ವಿಜಯಪುರದಲ್ಲಿ 1580ರಿಂದ 1627ರವರೆಗೆ ಆಳಿದ ಸುಲ್ತಾನ ಎರಡನೆಯ ಇಬ್ರಾಹಿಂ ಆದಿಲ್‌ಶಾಹನ ಚಿತ್ರಗಳನ್ನು ನೋಡಿ: ಜಾಮಾ ಎಂಬ ತೆಳು ಬಿಳಿ ನಿಲುವಂಗಿ, ಸೊಂಟದಿಂದ ಕೆಳಗೆ ಘೇರು ಬಿಟ್ಟು ಕಾಲಿನವರೆಗೆ. ಒಳಗೆ ಪೈಜಾಮ ಇತ್ತೆನ್ನಿ. ಆದರೂ ದೂರದಿಂದ ನೋಡಿದ ನಿಮ್ಮ ಗೆಳೆಯರು ಸುಲ್ತಾನನಿಗೂ ಏನಾದರೂ ಅಂದಿರುತ್ತಿದ್ದರು.

ಕಿಲ್ಟಿನ ತವರಿನ ಬಗ್ಗೆಯೂ ಒಂದು ಭ್ರಮೆ ಇದೆ. ಸ್ಕಾಟ್ಲೆಂಡಿನಲ್ಲಿ ಎಲ್ಲರೂ ದಿನವೂ ಕಿಲ್ಟ್ ಹಾಕುವುದಿಲ್ಲ. ಬಹುಪಾಲು ಗಂಡಸರಿಗೆ ಅದು ಮದುವೆ, ಹಬ್ಬ, ಪಂದ್ಯದ ದಿನದ ಉಡುಪು. ಒಂದು ಕಾಲಕ್ಕೆ ಅದನ್ನು ಉಡುವುದೇ ಅಪರಾಧವಾಗಿತ್ತು. ಬಂಡಾಯ ಅಡಗಿಸಿದ ಮೇಲೆ 1746ರ ಕಾನೂನಿನಲ್ಲಿ ಬ್ರಿಟಿಷ್ ಸರ್ಕಾರ ಬೆಟ್ಟಸೀಮೆಯ ಗಂಡಸರ ಉಡುಪನ್ನು ನಿಷೇಧಿಸಿತು. ಸೈನ್ಯದಲ್ಲಿದ್ದವರಿಗೆ ಮಾತ್ರ ವಿನಾಯಿತಿ. 1782ರಲ್ಲಿ ನಿಷೇಧ ತೆಗೆದರು. 1822ರಲ್ಲಿ ನಾಲ್ಕನೆಯ ಜಾರ್ಜ್ ದೊರೆ ತಾನೇ ಅದನ್ನು ತೊಟ್ಟು ಎಡಿನ್‌ಬರೋದಲ್ಲಿ ಕಾಣಿಸಿಕೊಂಡ ಮೇಲೆ ಅದಕ್ಕೆ ಗೌರವದ ಪಟ್ಟ ಬಂತು. ದಿನಬಳಕೆಯಲ್ಲಿ ಗಂಡಸರು ಸುತ್ತುವ ಬಟ್ಟೆ ನೋಡಬೇಕೆಂದರೆ ಮ್ಯಾನ್ಮಾರಿನ ಲೋಂಜಿ, ಶ್ರೀಲಂಕಾದ ಸರೋಂಗ್, ಫಿಜಿಯ ಸುಲು ನೋಡಿ. ಫಿಜಿಯಲ್ಲಿ ಪೊಲೀಸರ ಸಮವಸ್ತ್ರದಲ್ಲೇ ಸುಲು ಇದೆ. ನಿಮ್ಮ ತುರಿಕೆಗೆ ಇವು ಕಿಲ್ಟಿಗಿಂತ ಹತ್ತಿರದ ಮಾದರಿ.

ಪೊಲೀಸರ ಭಯ ಬಿಡಿ. ಗಂಡಸು ಸ್ಕರ್ಟ್ ಹಾಕಬಾರದೆಂಬ ಕಾನೂನು ಈ ದೇಶದಲ್ಲಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 296ನೇ ಕಲಂ ಶಿಕ್ಷಿಸುವುದು ಸಾರ್ವಜನಿಕ ಸ್ಥಳದಲ್ಲಿ ಇತರರಿಗೆ ಕಿರಿಕಿರಿಯಾಗುವ ಅಶ್ಲೀಲ ಕೃತ್ಯವನ್ನು. ಮೊಣಕಾಲು ಕಂಡರೆ ಅದು ಅಶ್ಲೀಲವಾಗುವುದಿಲ್ಲ, ಚಡ್ಡಿ ಹಾಕಿ ವಾಕಿಂಗ್ ಹೋಗುವವರೆಲ್ಲ ಹೊರಗೇ ಇದ್ದಾರೆ. ಖಾಸಗಿ ಜಾಗದ ಬಾಗಿಲಲ್ಲಿ ತಡೆಯುವವರು ಇರಬಹುದು. 2024ರ ಜುಲೈನಲ್ಲಿ ಬೆಂಗಳೂರಿನ ಮಾಲ್ ಒಂದರಲ್ಲಿ ಪಂಚೆ ಉಟ್ಟಿದ್ದ ಹಾವೇರಿ ಕಡೆಯ ಹಿರಿಯ ರೈತರನ್ನು ಒಳಗೆ ಬಿಡದೆ ಗದ್ದಲವಾಗಿ, ಸರ್ಕಾರ ಆ ಮಾಲನ್ನು ಏಳು ದಿನ ಮುಚ್ಚಿಸಲು ಮುಂದಾಗಿದ್ದು ನೆನಪಿರಬಹುದು. ಪಂಚೆಗೆ ಊರೇ ಎದ್ದು ನಿಂತಿತು. ಕಿಲ್ಟಿಗೆ ನಿಲ್ಲುತ್ತದೆಂದು ನಾನು ಮಾತು ಕೊಡಲಾರೆ.

ತಂದೆಯವರ ‘ಜೋಗಪ್ಪ’ ಮಾತು ಕೋಪದ್ದು, ಅದರೊಳಗೆ ಭಯ ಇದೆ. ಸವದತ್ತಿ ಯಲ್ಲಮ್ಮನ ಜೋಗಪ್ಪಗಳು ಸೀರೆ ಉಡುವುದು ಭಕ್ತಿಯಿಂದ, ತಮ್ಮೊಳಗಿನ ಹೆಣ್ತನದಿಂದ. ಅದು ಬೈಗುಳ ಆಗಬೇಕಾದ ಬದುಕಲ್ಲ. ಲಿಂಗಭಾವವನ್ನು ಉಡುಪಿನ ಮೂಲಕ ತೋರಿಸುವುದು ಸಂವಿಧಾನದ ಅಭಿವ್ಯಕ್ತಿ ಸ್ವಾತಂತ್ರ್ಯದೊಳಗೇ ಬರುತ್ತದೆಂದು ಸುಪ್ರೀಂ ಕೋರ್ಟ್ 2014ರಲ್ಲೇ ಹೇಳಿದೆ. ನೀವು ಕೇಳಿರುವುದು ಬೇರೆ. ಗಾಳಿಯಾಡುವ, ನೋಡಲು ಚೆಂದವಿರುವ ಒಂದು ಉಡುಪು ನಿಮಗೆ ಇಷ್ಟವಾಗಿದೆ. ಬಟ್ಟೆ ಬದಲಿಸಿದ್ದರಿಂದ ಯಾರ ಲಿಂಗಭಾವವೂ ಬದಲಾಗುವುದಿಲ್ಲ, ಯಾರ ಮೇಲೆ ಮನಸ್ಸಾಗುತ್ತದೆ ಅನ್ನುವುದೂ ಬದಲಾಗುವುದಿಲ್ಲ. ತಂದೆಗೆ ಇಷ್ಟನ್ನೇ ಸಮಾಧಾನದಿಂದ ಹೇಳಿ, ವಾದಕ್ಕೆ ಇಳಿಯಬೇಡಿ.

ಹಾಗಾದರೆ ಏನು ಮಾಡಬಹುದು? ಚಿಕಿತ್ಸೆ ನಡೆಯುವಷ್ಟು ಕಾಲ ಮನೆಯಲ್ಲಿ ಲುಂಗಿ, ಕಚೇರಿಗೆ ಒಂದು ಅಳತೆ ದೊಡ್ಡದಾದ ಹತ್ತಿ ಪ್ಯಾಂಟು, ರೆಕ್ಸಿನ್ ಮೇಲೆ ಒಂದು ದಪ್ಪ ಹತ್ತಿ ಟವೆಲ್ಲು. ಇದರಲ್ಲಿ ಯಾವ ಅಪಾಯವೂ ಇಲ್ಲ, ಆಸೆ ಮಾತ್ರ ತೀರುವುದಿಲ್ಲ. ಆಸೆಗೆ ನನ್ನ ಸಲಹೆ, ತರಿಸಿದ ಕಿಲ್ಟ್ ಬದಿಗಿಟ್ಟು ಹತ್ತಿಯದು ಹೊಲಿಸಿ. ರಬಕವಿ-ಬನಹಟ್ಟಿಯ ಮಗ್ಗ ನಿಮ್ಮ ಮಗ್ಗುಲಲ್ಲೇ ಇದೆ. ರಾಷ್ಟ್ರಧ್ವಜದ ಬಟ್ಟೆ ನೇಯುವ ತುಳಸಿಗೇರಿಯ ಖಾದಿಯೂ ದೂರವಿಲ್ಲ. ಎರಡೂವರೆ ಮೂರು ಮೀಟರು ದಪ್ಪ ಖಾದಿ, ಒಂದೇ ಗಾಢ ಬಣ್ಣ, ಮೊಣಕಾಲಿಗಿಂತ ಒಂದು ಗೇಣು ಕೆಳಗೆ, ಎರಡು ಜೇಬು. ಗಾಳಿಗೆ ಏಳದಂತೆ ಕೆಳಅಂಚನ್ನು ಅಗಲವಾಗಿ ಮಡಚಿ ಹೊಲಿಯಲು ಟೇಲರ್‌ಗೆ ಹೇಳಿ. ನೆರಿಗೆ ಕಡಿಮೆ ಇದ್ದಷ್ಟೂ ಪರಕಾರದ ಮಾತು ಕಡಿಮೆ. ಚೌಕುಳಿ ಬೇಕೇ ಬೇಕೆಂದರೆ ನಮ್ಮ ಲುಂಗಿಯಲ್ಲೇ ಬೇಕಾದಷ್ಟಿದೆ! ಮೇಲೆ ಇಸ್ತ್ರಿ ಮಾಡಿದ ಅಂಗಿ, ಕಾಲಿಗೆ ಒಳ್ಳೆಯ ಚಪ್ಪಲಿ ಇರಲಿ. ಉಳಿದದ್ದೆಲ್ಲ ಅಚ್ಚುಕಟ್ಟಾಗಿದ್ದರೆ ನೋಡುವವರು ಇದನ್ನೂ ಬೇಕೆಂದೇ ಉಟ್ಟದ್ದೆಂದು ತಿಳಿಯುತ್ತಾರೆ.

ಬೈಕಿನ ಮೇಲೆ ಮಾತ್ರ ಬೇಡ. ಈ ಒಂದರಲ್ಲಿ ನಾನು ಕಟ್ಟುನಿಟ್ಟು. ಲುಂಗಿ ಮೇಲೆ ಕಟ್ಟಿ ಬೈಕ್ ಓಡಿಸಿ, ಮೀನಖಂಡಕ್ಕೆ ಸೈಲೆನ್ಸರ್ ತಾಗಿ, ಅಂಗೈಯಗಲ ಚರ್ಮ ಸುಲಿದುಕೊಂಡು ಬರುವವರನ್ನು ನೋಡುತ್ತಲೇ ಇರುತ್ತೇನೆ. ಆ ಗಾಯ ಮಾಯಲು ವಾರಗಳು ಬೇಕು, ಕಪ್ಪು ಕಲೆ ವರ್ಷಗಟ್ಟಲೆ ಉಳಿಯುತ್ತದೆ. ಸಡಿಲ ಬಟ್ಟೆ ಚೈನಿಗೋ ಗಾಲಿಯ ಕಡ್ಡಿಗೋ ಸಿಕ್ಕರೆ ಇನ್ನೂ ಕೆಟ್ಟದು. ಬೈಕಿಗೆ ಪ್ಯಾಂಟು, ಹೋಗಿ ಮುಟ್ಟಿದ ಮೇಲೆ ಬೇಕಾದರೆ ಬದಲಿಸಿ. ಕಾರ್ಖಾನೆಯಲ್ಲೂ ಗಿರಣಿ, ಬೆಲ್ಟು ತಿರುಗುವ ಕಡೆ ಯಾವ ನೇತಾಡುವ ಬಟ್ಟೆಯೂ ಬೇಡ. ಸಂಜೆ ಮೊಣಕಾಲ ಕೆಳಗೆ ಸೊಳ್ಳೆಗೆ ಏನಾದರೂ ಹಚ್ಚಿಕೊಳ್ಳಿ.

ನಗುವವರ ವಿಷಯ: ಮೊದಲ ಸಲ ಹೋಗುವಾಗ ಜಾತ್ರೆ, ಬಜಾರದ ಗದ್ದಲ ಬೇಡ. ಗುರುತಿನವರಿರುವ ಕಡೆ, ಜತೆಗೊಬ್ಬ ನಂಬಿಕೆಯ ಗೆಳೆಯನೊಂದಿಗೆ, ಹಗಲಿನಲ್ಲಿ ಹೋಗಿ. ಯಾರಾದರೂ ಕೇಳಿದರೆ, ‘ಬಿಸಲಾಗ ತಂಪ್ ಅನಸ್ತದ್ರಿ’ ಅಷ್ಟು ಸಾಕು, ಸ್ಕಾಟ್ಲೆಂಡಿನ ಇತಿಹಾಸ ಬೇಡ. ಕುಡಿದವರು, ಗುಂಪು ಕಟ್ಟಿ ಮೊಬೈಲ್ ಹಿಡಿಯುವವರು ಕಂಡರೆ ಪ್ರತಿಷ್ಠೆ ಮಾಡದೆ ಹೊರಟುಬಿಡಿ. ಎಲ್ಲರೂ ರೂಢಿಯಾಗುತ್ತಾರೆಂದು ನಾನು ಹೇಳುವುದಿಲ್ಲ. ಕೆಲವರು ಆಗುತ್ತಾರೆ, ಕೆಲವರು ವರ್ಷವಾದರೂ ನಗುತ್ತಾರೆ. ಅಷ್ಟನ್ನು ಹೊರುವ ಮನಸ್ಸಿದೆಯೇ ಅನ್ನುವುದು ನೀವೇ ತೂಗಿ ನೋಡಬೇಕಾದದ್ದು.

ಇನ್ನು ಚೀಟಿ. ‘ಚರ್ಮರೋಗದ ಚಿಕಿತ್ಸೆಯಲ್ಲಿದ್ದಾರೆ, ಇಷ್ಟು ವಾರ ಸಡಿಲ ಹತ್ತಿ ಉಡುಪು ಅಗತ್ಯ’ ಎಂದು ನಿಮ್ಮನ್ನು ಪರೀಕ್ಷಿಸಿದ ಯಾವ ವೈದ್ಯರೂ ಬರೆದುಕೊಟ್ಟಾರು. ‘ಕಿಲ್ಟ್’ ಎಂದು ಬರೆದರೆ ಅದು ಸುಳ್ಳು ಚೀಟಿ. ಅದರಿಂದ ನಿಮಗೂ ಲಾಭವಿಲ್ಲ, ಯಾಕೆಂದರೆ ಗಜಕರ್ಣ ವಾಸಿಯಾದ ದಿನ ಚೀಟಿಯ ಅವಧಿ ಮುಗಿಯುತ್ತದೆ, ಆಸೆ ಮುಗಿದಿರುವುದಿಲ್ಲ. ಆಗ ತಂದೆ, ‘ಈಗ್ಯಾಕ?’ ಎಂದರೆ ಏನು ಹೇಳುತ್ತೀರಿ? ಇಷ್ಟ ಅಂತ ಈಗಲೇ ಹೇಳುವುದು ಸುಲಭ. ಕಚೇರಿಯಲ್ಲಿ ಉಡುಪಿನ ನಿಯಮ ಏನೆಂದು ಮೊದಲು ಕೇಳಿ, ನಿಯಮ ಇದ್ದರೆ ಅದನ್ನು ಮುರಿದು ಕೆಲಸಕ್ಕೆ ಸಂಚಕಾರ ತಂದುಕೊಳ್ಳಬೇಡಿ. ಸ್ವೀಡನ್ನಿನ ಸ್ಟಾಕ್‌ಹೋಮ್ ಹತ್ತಿರದ ರೈಲು ಚಾಲಕರಿಗೆ 2013ರ ಬೇಸಿಗೆಯಲ್ಲಿ ಚಡ್ಡಿ ಹಾಕಲು ಅನುಮತಿ ಇರಲಿಲ್ಲ, ನಿಯಮದಲ್ಲಿ ಸ್ಕರ್ಟ್ ಇತ್ತು. ಅವರು ಸ್ಕರ್ಟ್ ಹಾಕಿಯೇ ರೈಲು ಓಡಿಸಿದರು, ಕಂಪನಿ ಕೊನೆಗೆ ಚಡ್ಡಿಗೆ ಒಪ್ಪಿತು. ಅವರು ಒಬ್ಬಿಬ್ಬರಲ್ಲ, ಗುಂಪಾಗಿದ್ದರು. ನೀವು ಒಬ್ಬರೇ.

ಮದುವೆ ಗೊತ್ತಾಗಿರುವ ಹುಡುಗಿಗೆ ನೀವು ಹೇಳಬೇಕಾದದ್ದು ಎರಡಿದೆ. ಕಿಲ್ಟಿನ ವಿಷಯ ಬೇರೆಯವರ ಬಾಯಿಂದ ಅವರ ಮನೆ ಮುಟ್ಟುವ ಮುಂಚೆ ನೀವೇ ಹೇಳಿ, ಬೇಕಾದರೆ ಒಂದು ಫೋಟೋ ತೋರಿಸಿ. ಅದಕ್ಕಿಂತ ಮುಖ್ಯವಾದದ್ದು, ಗಜಕರ್ಣ ಅಂಟುರೋಗ. ಹಾಸಿಗೆ, ಟವೆಲ್ಲು, ಮೈ ಸೋಂಕಿದರೆ ಅವರಿಗೂ ಬರುತ್ತದೆ. ಚಿಕಿತ್ಸೆಗೆ ಎರಡು ತಿಂಗಳಾದರೂ ಹಿಡಿಯಬಹುದು. ಮುಹೂರ್ತಕ್ಕೆ ಉಳಿದಿರುವ ದಿನ ಎಣಿಸಿ ಈ ವಾರವೇ ಚರ್ಮವೈದ್ಯರನ್ನು ಕಾಣಿ.